ಗಾಂಜಾ ಕಣ: ಒಣಗಿಸೋ ಜಾಗದಲ್ಲಿ ಕೂತ ಸರ್ಕಾರದ ಕಥೆ

ಭಾಗ 1/10 | ಹೊಲಕ್ಕೂ ಚಿಲುಮೆಗೂ ನಡುವೆ

ಗಾಂಜಾ ಬಗ್ಗೆ ರೀಲ್ಸ್‌ನಲ್ಲಿ ಎರಡೇ ಕಥೆ ಓಡ್ತಿರ್ತವೆ. ಒಂದು: "ಇದು ನಮ್ಮ ಹಳೇ ಮೂಲಿಕೆ, ಬ್ರಿಟಿಷರು ಬಂದು ಬ್ಯಾನ್ ಮಾಡಿದ್ರು." ಇನ್ನೊಂದು: "ಮುಟ್ಟಿದೋನು ಸೀದಾ ಹುಚ್ಚಾಸ್ಪತ್ರೆಗೆ." ಎರಡಕ್ಕೂ ಉತ್ತರ ಸುಮಾರು 130 ವರ್ಷ ಹಳೆಯ ಸರ್ಕಾರಿ ಕಡತಗಳಲ್ಲಿದೆ. ಆ ಕಡತಗಳು ಮಾತು ಶುರು ಮಾಡೋದು ಹೊಗೆಯಿಂದಲ್ಲ, ಒಣಗಿಸೋ ಜಾಗದಿಂದ.

ಯೋಚನೆ ಮಾಡಿ. ಹೊಲದಲ್ಲಿ ನಿಂತಿರೋದು ಒಂದು ಗಿಡ, ಅಷ್ಟೇ. ಅದನ್ನ ಕೊಯ್ದು, ನೆರಳಿಗೋ ಬಿಸಿಲಿಗೋ ಹಾಕಿ, ನೀರು ಇಳಿಸಿ, ತುಳಿದು, ಕಟ್ಟಿ ಇಟ್ಟ ಮೇಲೆ ಅದು ಸರಕು. ಸರಕಾದ ಮೇಲೇ ಅದಕ್ಕೆ ಬೆಲೆ, ಅದಕ್ಕೆ ತೆರಿಗೆ, ಅದಕ್ಕೆ ಜೈಲು. ಗಿಡ ಸರಕಾಗೋಕೆ ಹಿಡಿಯೋದು ಕೆಲವೇ ದಿನ. ಆ ಕೆಲವು ದಿನಗಳ ಮೇಲೆ ಯಾರಿಗೆ ಹಿಡಿತ ಇದೆಯೋ ಅವರಿಗೆ ಇಡೀ ವ್ಯಾಪಾರದ ಮೇಲೆ ಹಿಡಿತ.

ಅಡಿಕೆ, ಕಾಫಿ ಬೆಳೆಯೋ ಮನೆಯವರಿಗೆ ಇದು ಹೊಸದಲ್ಲ. ಕಣದಲ್ಲಿ ಒಂದು ಮಳೆ ಬಿದ್ರೆ ವರ್ಷದ ದುಡಿಮೆ ಕಪ್ಪಾಗುತ್ತೆ. ಬೆಳೆಯೋದು ಅರ್ಧ ಕೆಲಸ, ಒಣಗಿಸೋದು ಇನ್ನರ್ಧ.

ಈ ಸರಣಿ ಬೆಳೆಯೋದು ಹೇಗೆ, ಸೇದೋದು ಹೇಗೆ ಅನ್ನೋ ಪಾಠ ಅಲ್ಲ. ಬಂಗಾಳದ ಒಂದು ಊರಿನಲ್ಲಿ ಜನ ಹೇಗೆ ಈ ಗಿಡವನ್ನ ಒಣಗಿಸ್ತಿದ್ರು, ಸರ್ಕಾರ ಆ ಕಣದಲ್ಲೇ ಬಂದು ಯಾಕೆ ಕೂತಿತು, ಅಲ್ಲಿಂದ ಹೊರಟ ಒಂದು ವ್ಯಾಖ್ಯೆ ಇವತ್ತು ನಮ್ಮ ಜಿಲ್ಲಾ ಕೋರ್ಟ್‌ಗಳವರೆಗೆ ಹೇಗೆ ಬಂತು ಅನ್ನೋ ಇತಿಹಾಸ. ಓದ್ತಾ ಹೋಗಿ.

ಭಾಗ 2/10 | ಒಂದೇ ಗಿಡ, ಮೂರು ಸರಕು

ಕನ್ನಡದಲ್ಲಿ ಇದಕ್ಕೆ ಹಳೇ ಹೆಸರು ಭಂಗಿ. ಭಂಗಿ ಸೊಪ್ಪು, ಭಂಗಿ ಸೇದೋದು ಅಂತ ಹಿರಿಯರ ಬಾಯಲ್ಲಿ ಕೇಳಿರ್ತೀರಿ. ಬಂಗಾಳ, ಪಂಜಾಬ್ ಕಡೆ ಮಾತ್ರ ಹೆಸರುಗಳು ಬೇರೆ ಬೇರೆ ಇದ್ದವು, ಪ್ರತಿ ಹೆಸರಿಗೂ ಒಂದು ಸಂಸ್ಕರಣೆಯ ವಿಧಾನ ಅಂಟಿಕೊಂಡಿತ್ತು.

ಭಂಗ್ ಅಂದ್ರೆ ಎಲೆ. ಉತ್ತರ ಭಾರತದಲ್ಲಿ ತಾನಾಗೇ ಬೆಳೆಯೋ ಗಿಡದ ಎಲೆಯನ್ನ ಒಣಗಿಸಿ ಇಟ್ಕೊಂಡ್ರೆ ಮುಗೀತು. ಆಮೇಲೆ ಅರೆದು ಕುಡಿಯೋದು.

ಚರಸ್ ಅಂದ್ರೆ ಅಂಟು. ಇದರ ದೊಡ್ಡ ಮೂಲ ಮಧ್ಯ ಏಷ್ಯಾದ ಯಾರ್ಕಂದ್. ಅಲ್ಲಿನ ಹವೆ ಒಣ ಹವೆ. ಹೂವಿನ ತಲೆಗಳು ಗರಿಗರಿಯಾಗಿ ಒಣಗುತ್ತವೆ. ಪುಡಿ ಮಾಡಿ, ಜರಡಿ ಹಿಡಿದ್ರೆ ಅಂಟಿನ ಪುಡಿ ಕೆಳಗೆ ಬೀಳುತ್ತೆ. ಅದನ್ನ ತೊಗಲಿನ ಚೀಲದಲ್ಲಿ ತುಂಬಿ, ಲೇಹ್ ದಾರಿಯಲ್ಲಿ ಪಂಜಾಬಿಗೆ ತರ್ತಿದ್ರು. ಹಿಮಾಲಯದ ತಪ್ಪಲಲ್ಲಿ ಹಸಿ ಗಿಡವನ್ನೇ ಅಂಗೈಯಲ್ಲಿ ಉಜ್ಜಿ ಅಂಟು ತೆಗೆಯೋ ಪದ್ಧತಿ ಇತ್ತು.

ಗಾಂಜಾ ಅಂದ್ರೆ ಹೂವು, ಅಂಟು ಒಟ್ಟಿಗೆ. ಹೆಣ್ಣು ಗಿಡದ ಹೂಗೊಂಚಲನ್ನ ಅಂಟು ಉದುರದ ಹಾಗೆ ಒಣಗಿಸಿದ್ದು. ಬಂಗಾಳದ ತೇವದ ಹವೆಯಲ್ಲಿ ಯಾರ್ಕಂದ್ ಥರ ಜರಡಿ ಹಿಡಿಯೋಕೆ ಆಗಲ್ಲ. ಹಾಗಾಗಿ ಅಲ್ಲಿಯ ರೈತರು ಬೇರೆ ಉಪಾಯ ಕಂಡ್ಕೊಂಡ್ರು: ಕಾಲಲ್ಲಿ ತುಳಿಯೋದು.

1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ವಿಲಿಯಂ ಬ್ರೂಕ್ ಓಶಾನೆಸ್ಸಿ ಈ ಗಿಡದ ಔಷಧಿ ಗುಣಗಳ ಬಗ್ಗೆ ಪ್ರಬಂಧ ಬರೆದರು. ಪಾಶ್ಚಾತ್ಯ ವೈದ್ಯಕ್ಕೆ ಗಾಂಜಾ ಪರಿಚಯ ಆಗಿದ್ದು ಹೆಚ್ಚಾಗಿ ಇವರ ಮೂಲಕ. ಬಜಾರಿನಲ್ಲಿ ಅದು ಸಿಗ್ತಿದ್ದ ರೂಪವನ್ನೂ ಅವರು ದಾಖಲಿಸಿದ್ದಾರೆ: ಸುಮಾರು ಎರಡು ಅಡಿ ಉದ್ದದ ಕಟ್ಟು, ಒಂದು ಕಟ್ಟಿಗೆ 24 ಗಿಡ. ಅಂದ್ರೆ 1839ಕ್ಕಾಗಲೇ ಇದು ಎಣಿಸಿ, ಕಟ್ಟಿ, ಮಾರೋ ಪಕ್ಕಾ ಸರಕು.

ಭಾಗ 3/10 | ನೌಗಾಂವ್ ಮತ್ತು ಪೊದ್ದಾರ್

ಆ ಸರಕಿನ ಕೇಂದ್ರ ನೌಗಾಂವ್. ಆಗ ಬಂಗಾಳದ ರಾಜಶಾಹಿ ಜಿಲ್ಲೆ, ಇವತ್ತು ಬಾಂಗ್ಲಾದೇಶದ ಒಂದು ಜಿಲ್ಲಾ ಕೇಂದ್ರ. ರಾಜಶಾಹಿ, ದಿನಾಜ್‌ಪುರ, ಬೋಗ್ರಾ ಮೂರು ಜಿಲ್ಲೆ ಸೇರೋ ಕಡೆ ಒಂದಿಷ್ಟು ಹಳ್ಳಿಗಳನ್ನ ಒಟ್ಟಾಗಿ "ಗಾಂಜಾ ಮಹಲ್" ಅಂತ ಕರೀತಿದ್ರು. ಮಹಲ್ ಅಂದ ತಕ್ಷಣ ಅರಮನೆ ಕಣ್ಣಿಗೆ ಬರುತ್ತೆ, ಆದ್ರೆ ಇದು ಕಂದಾಯ ಇಲಾಖೆಯ ಪದ, ಒಂದು ಬೆಳೆಯ ಪ್ರದೇಶ ಅಂತ ಅರ್ಥ. ಇದರ ಹೊರಗೆ ಬಂಗಾಳದಲ್ಲಿ ಲೈಸೆನ್ಸಿನ ಬೆಳೆ ಇರಲಿಲ್ಲ.

ಬೆಳೆಯೋರು ಸಣ್ಣ ರೈತರು. ಆಗಸ್ಟ್ ಹೊತ್ತಿಗೆ ಮಡಿಯಲ್ಲಿ ಬೀಜ ಹಾಕಿ, ಸೆಪ್ಟೆಂಬರ್‌ನಲ್ಲಿ ಹೊಲಕ್ಕೆ ನಾಟಿ. ನವೆಂಬರ್‌ನಲ್ಲಿ ಒಬ್ಬ ವಿಶೇಷ ಮನುಷ್ಯ ಹೊಲಕ್ಕೆ ಬರ್ತಿದ್ದ. ಅವನಿಗೆ ಪೊದ್ದಾರ್ ಅಥವಾ ಪರಖ್‌ದಾರ್ ಅಂತ ಹೆಸರು. ಪರಖ್ ಅಂದ್ರೆ ಪರೀಕ್ಷೆ. ಇಂಗ್ಲಿಷ್ ದಾಖಲೆಗಳು ಅವನನ್ನ "ಗಾಂಜಾ ಡಾಕ್ಟರ್" ಅಂತಾನೇ ಬರೆದಿವೆ.

ಅವನ ಕೆಲಸ ಗಂಡು ಗಿಡಗಳನ್ನ ಹೂ ಬಿಡೋ ಮೊದಲೇ ಗುರುತಿಸೋದು. ಈ ಜಾತಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಪರಾಗ ಹೆಣ್ಣಿಗೆ ತಾಗಿದ್ರೆ ಗಿಡದ ಶಕ್ತಿ ಎಲ್ಲಾ ಬೀಜಕ್ಕೆ ಹೋಗುತ್ತೆ, ಅಂಟು ಕಡಿಮೆ ಆಗುತ್ತೆ. ಪೊದ್ದಾರ್ ಸಾಲಿನಲ್ಲಿ ನಡೀತಾ ಗಂಡು ಅನ್ನಿಸಿದ್ದನ್ನ ಮುರಿದು ಹಾಕ್ತಾ ಹೋಗ್ತಿದ್ದ. ಹಿಂದೆ ಬರೋ ರೈತ ಅದನ್ನ ಬುಡಸಮೇತ ಕಿತ್ತು ಎಸೀತಿದ್ದ.

ಲೆಕ್ಕ ನೋಡಿ. ಒಬ್ಬ ತಪ್ಪು ಮಾಡಿ ನಾಲ್ಕೈದು ಗಂಡು ಗಿಡ ಉಳಿಸಿದ್ರೆ, ಪರಾಗ ಗಾಳಿಯಲ್ಲಿ ಹಾರಿ ಪಕ್ಕದವರ ಹೊಲವೂ ಹಾಳು. ಅದಕ್ಕೇ ಈ ಬೆಳೆ ಒಬ್ಬೊಬ್ಬರೇ ಮಾಡೋದಲ್ಲ, ಊರಿಗೆ ಊರೇ ಸೇರಿ ಮಾಡೋದು. ಈ ಮಾತು ನೆನಪಿಟ್ಕೊಳ್ಳಿ, ಭಾಗ 9ರಲ್ಲಿ ಬೇಕಾಗುತ್ತೆ.

ಭಾಗ 4/10 | ಚಾತರ್: ಇಬ್ಬನಿ, ಚಾಪೆ, ಪಾದ

ಚಳಿಗಾಲ ಮುಗಿಯೋ ಹೊತ್ತಿಗೆ ಕೊಯ್ಲು. ಕೊಯ್ದದ್ದು ಮನೆಗೆ ಹೋಗಲ್ಲ, ಚಾತರ್‌ಗೆ ಹೋಗುತ್ತೆ. ಚಾತರ್ ಅಂದ್ರೆ ಸಂಸ್ಕರಣೆಗೆ ಅಂತಲೇ ಬಿಟ್ಟ ಬಯಲು. ನಮ್ಮ ಕಡೆಯ ಕಣ ಅಂದ್ಕೊಳ್ಳಿ. ಬಾಂಬೆ ಪ್ರಾಂತ್ಯದ ಗಾಂಜಾ ಊರುಗಳಲ್ಲೂ ಕಾಳು ಬಡಿಯೋ ಕಣದಲ್ಲೇ ಈ ಕೆಲಸ ನಡೀತಿತ್ತು.

ಮೊದಲ ದಿನ ಗಿಡಗಳನ್ನ ಹುಲ್ಲಿನ ಮೇಲೆ ಹರಡೋದು. ಹಗಲೆಲ್ಲಾ ಬಿಸಿಲಲ್ಲಿ ಬಾಡ್ತವೆ. ರಾತ್ರಿ ಮುಚ್ಚಿಡ್ತಿರಲಿಲ್ಲ, ಬೇಕಂತಲೇ ಇಬ್ಬನಿಗೆ ಬಿಡ್ತಿದ್ರು. ಕೇಳೋಕೆ ವಿಚಿತ್ರ ಅನ್ಸುತ್ತೆ, ಒಣಗಿಸೋಕೆ ಹಾಕಿದ್ದನ್ನ ಮತ್ತೆ ಯಾಕೆ ತೋಯಿಸಬೇಕು? ಪೂರ್ತಿ ಗರಿಗರಿ ಆದ್ರೆ ಹೂವು ಪುಡಿಯಾಗಿ ಉದುರಿ ಹೋಗುತ್ತೆ. ಸ್ವಲ್ಪ ಮೆತ್ತಗೆ ಇದ್ರೆ ಮಾತ್ರ ತುಳಿಯೋಕೆ ಬರುತ್ತೆ. ತಂಬಾಕು ಕಟ್ಟೋರನ್ನ ಕೇಳಿ, ಎಲೆಗೆ ಹದ ಬರೋವರೆಗೆ ಕೈ ಹಾಕಲ್ಲ. ಇದೂ ಹದದ ಲೆಕ್ಕವೇ.

ಎರಡನೇ ದಿನ ಆರಿಸೋದು. ಹೂವಿಲ್ಲದ ಕೊಂಬೆ ಪಕ್ಕಕ್ಕೆ, ಹೂ ಇರೋದನ್ನ ಗಿಡ್ಡಕ್ಕೆ ಕತ್ತರಿಸಿ ಮತ್ತೆ ಒಂದು ರಾತ್ರಿ ಇಬ್ಬನಿಗೆ.

ಆಮೇಲೆ ತುಳಿತ. ಚಾಪೆ ಹಾಸಿ, ಕೊಂಬೆಗಳ ತಲೆ ಒಳಗಡೆ, ಕಾಂಡ ಹೊರಗಡೆ ಬರೋ ಹಾಗೆ ಚಕ್ರದಂತೆ ಜೋಡಿಸೋದು. ಕೂಲಿಗಳು ಅದರ ಮೇಲೆ ನಿಂತು, ಒಂದು ಪಾದದಲ್ಲಿ ಕೊಂಬೆ ಅದುಮಿ ಹಿಡಿದು ಇನ್ನೊಂದು ಪಾದದಲ್ಲಿ ಹೂಗೊಂಚಲನ್ನ ಒತ್ತಿ ಒತ್ತಿ ಚಪ್ಪಟೆ ಮಾಡೋದು. ಒಂದು ಸುತ್ತು ಮುಗಿದ್ರೆ ಮೇಲೆ ಇನ್ನೊಂದು ಪದರ. ಕೊನೆಗೆ ರಾಶಿ ಹಾಕಿ, ಚಾಪೆ ಮುಚ್ಚಿ, ಭಾರಕ್ಕೆ ಅದರ ಮೇಲೆ ಜನ ಕೂರೋದು. ಬಿಚ್ಚಿ, ಕೊಡವಿ, ಎಲೆ ಉದುರಿಸಿ, ಬಿಸಿಲಿಗೆ ಹಾಕಿ, ಮತ್ತೆ ತುಳಿಯೋದು. ಅಂಟು ಹೂವಿನೊಳಗೇ ಕಚ್ಚಿಕೊಂಡು ಒಂದು ಗಟ್ಟಿ ಹಾಳೆ ಥರ ಆಗೋವರೆಗೆ.

ಕಡತಗಳಲ್ಲಿ ಅಧಿಕಾರಿಗಳ ಹೆಸರು ಹುದ್ದೆ ಸಮೇತ ಇದೆ. ತುಳಿದ ಪಾದಗಳಿಗೆ ಹೆಸರಿಲ್ಲ.

ಭಾಗ 5/10 | ಚಪ್ಟಾ, ಗೋಲ್, ಚೂರ್

ಒಂದೇ ಕಣದಿಂದ ಮೂರು ಮಾಲು ಹೊರಡ್ತಿತ್ತು.

ಚಪ್ಟಾ: ಮೇಲೆ ಹೇಳಿದ್ದು, ತುಳಿದು ಚಪ್ಪಟೆ ಮಾಡಿದ್ದು. ಕಾಂಡ ಜಾಸ್ತಿ ಉಳಿದಿರುತ್ತೆ, ಕೆಲಸ ಕಡಿಮೆ.

ಗೋಲ್: ಉರುಟು ಗಾಂಜಾ. ಇದಕ್ಕೆ ಕೊಂಬೆಗಳನ್ನ ಇನ್ನೂ ಗಿಡ್ಡಕ್ಕೆ ಕತ್ತರಿಸಬೇಕು, ಎಲೆ ಚೆನ್ನಾಗಿ ಬಿಡಿಸಬೇಕು. ಸೊಂಟದ ಮಟ್ಟದಲ್ಲಿ ಒಂದು ಬಿದಿರು ಅಡ್ಡ ಕಟ್ಟಿ, ಅದನ್ನ ಹಿಡಿದುಕೊಂಡು ಸಾಲಾಗಿ ನಿಂತ ಜನ ಹೂಗೊಂಚಲನ್ನ ಪಾದದಡಿ ಹೊಸೆದು ಹೊಸೆದು ದುಂಡಗೆ ಮಾಡ್ತಿದ್ರು. ಬತ್ತಿ ಹೊಸೆದ ಹಾಗೆ, ಆದ್ರೆ ಕಾಲಲ್ಲಿ. ಶ್ರಮ ಜಾಸ್ತಿ, ಬೆಲೆಯೂ ಜಾಸ್ತಿ.

ಚೂರ್: ತುಳಿಯೋವಾಗ, ಕಟ್ಟೋವಾಗ ಮುರಿದು ಉದುರಿದ ಹೂವಿನ ಚೂರು. ಕಾಂಡವೇ ಇಲ್ಲ, ಬರೀ ಹೂವು, ಅಂಟು.

ಈಗ ಸರ್ಕಾರದ ಜಾಗದಲ್ಲಿ ಕೂತು ಯೋಚಿಸಿ. ಒಂದು ಸೇರು ಚಪ್ಟಾದಲ್ಲಿ ಅಮಲಿನ ಭಾಗ ಕಡಿಮೆ, ಕಡ್ಡಿ ಜಾಸ್ತಿ. ಒಂದು ಸೇರು ಚೂರಿನಲ್ಲಿ ಕಡ್ಡಿಯೇ ಇಲ್ಲ. ಮೂರಕ್ಕೂ ಒಂದೇ ಸುಂಕ ಹಾಕಿದ್ರೆ ಎಲ್ಲಾ ವ್ಯಾಪಾರಿಗಳೂ ಚೂರನ್ನೇ ಒಯ್ತಾರೆ. ಅದಕ್ಕೇ ಬಂಗಾಳದಲ್ಲಿ ಮೂರಕ್ಕೆ ಮೂರು ದರ. ಚಪ್ಟಾಗೆ ಕಡಿಮೆ, ಗೋಲ್‌ಗೆ ಅದಕ್ಕಿಂತ ಜಾಸ್ತಿ, ಚೂರಿಗೆ ಎಲ್ಲಕ್ಕಿಂತ ಜಾಸ್ತಿ.

ಇಲ್ಲಿ ಒಂದು ವಿಷಯ ಗಮನಿಸಿ. ಕೂಲಿಯ ಪಾದ ಹೇಗೆ ಆಡಿತು ಅನ್ನೋದರ ಮೇಲೆ ಕಲ್ಕತ್ತಾದ ಖಜಾನೆಗೆ ಎಷ್ಟು ರೂಪಾಯಿ ಅನ್ನೋದು ತೀರ್ಮಾನ ಆಗ್ತಿತ್ತು. ಗಿಡ ಒಂದೇ, ಹೊಲ ಒಂದೇ, ರೈತ ಒಬ್ಬನೇ. ಒಣಗಿಸಿದ ರೀತಿ ಬೇರೆ, ಹಾಗಾಗಿ ಕಾನೂನಿನ ಕಣ್ಣಲ್ಲಿ ವಸ್ತುವೂ ಬೇರೆ.

ಭಾಗ 6/10 | ಕಣಕ್ಕೆ ಬಂದ ಸರ್ಕಾರ

"ಬ್ರಿಟಿಷರು ಬ್ಯಾನ್ ಮಾಡಿದ್ರು" ಅನ್ನೋ ರೀಲ್‌ಗೆ ಉತ್ತರ ಇಲ್ಲಿದೆ. ಈಸ್ಟ್ ಇಂಡಿಯಾ ಕಂಪನಿ 1793ರಲ್ಲೇ ಬಂಗಾಳದಲ್ಲಿ ಅಮಲು ಪದಾರ್ಥಗಳ ಮಾರಾಟಕ್ಕೆ ಲೈಸೆನ್ಸ್, ತೆರಿಗೆ ಅಂತ ನಿಯಮ ತಂದಿತ್ತು. ಅಲ್ಲಿಂದ ಮುಂದೆ ನೂರು ವರ್ಷ ಅವರು ಮಾಡಿದ್ದು ಆದಾಯ ಎತ್ತೋದು, ಸೋರಿಕೆ ಮುಚ್ಚೋದು.

ಸೋರಿಕೆ ಎಲ್ಲಿ? ಕಣದಲ್ಲೇ. ಹಸಿ ಗಿಡದ ತೂಕದಲ್ಲಿ ಬಹುಪಾಲು ನೀರು. ಒಣಗ್ತಾ ಹೋದ ಹಾಗೆ ತೂಕ ಇಳಿಯುತ್ತೆ. ಗೋದಾಮಿನಲ್ಲಿ ಇಟ್ರೂ ಇಳೀತಾನೇ ಇರುತ್ತೆ. ಹಾಗಿದ್ಮೇಲೆ ಮೊದಲು ಇದ್ದದ್ದಕ್ಕಿಂತ ಕಮ್ಮಿ ತೂಗಿದ್ರೆ ಅದು ಒಣಗಿ ಹೋದದ್ದೋ, ಕದ್ದು ಹೋದದ್ದೋ? ಅಬಕಾರಿ ಅಧಿಕಾರಿಗಳ ನಿದ್ದೆ ಕೆಡಿಸಿದ ಪ್ರಶ್ನೆ ಇದೇ.

ಹೇಮಚಂದ್ರ ಕೆರ್ ಅನ್ನೋ ಬಂಗಾಳಿ ಡೆಪ್ಯುಟಿ ಕಲೆಕ್ಟರ್‌ಗೆ ಇದನ್ನ ಬಿಡಿಸೋ ಕೆಲಸ ಬಿತ್ತು. ಗಾಂಜಾ ಬೆಳೆ, ವ್ಯಾಪಾರದ ಬಗ್ಗೆ ಅವರ ವರದಿ 1877ರಲ್ಲಿ ಬಂತು. ಬೀಜದಿಂದ ಬಜಾರಿನವರೆಗೆ ಪ್ರತಿ ಹಂತವನ್ನೂ ಹೊಲದಲ್ಲೇ ನಿಂತು ಬರೆದ ವರದಿ ಅದು. ಆ ಕಾಲಕ್ಕೆ ಬಿಗಿಯಾದ ವ್ಯವಸ್ಥೆ ಹೀಗಿತ್ತು: ಬೆಳೆಯೋಕೆ ಲೈಸೆನ್ಸ್. ಚಾತರ್ ಮೇಲೆ ಕಾವಲು. ಒಣಗಿದ ಮಾಲು ತೂಗಿ, ನೌಗಾಂವ್‌ನ ಗೋಲಾಗೆ, ಅಂದ್ರೆ ಸರ್ಕಾರದ ಬೀಗ ಇರೋ ಉಗ್ರಾಣಕ್ಕೆ. ರೈತ ಮಾರಬೇಕಾದ್ದು ಲೈಸೆನ್ಸ್ ಇರೋ ಸಗಟು ವ್ಯಾಪಾರಿಗೆ ಮಾತ್ರ. ವ್ಯಾಪಾರಿ ಪಾಸ್ ತಗೊಂಡು ತನ್ನ ಜಿಲ್ಲೆಯ ಗೋಲಾಗೆ ಒಯ್ಯಬೇಕು, ಅಲ್ಲಿಂದ ಹೊರಗೆ ತೆಗೆಯೋವಾಗ ಸುಂಕ ಕಟ್ಟಬೇಕು.

ಮಾರಾಟ ಆಗದೆ ಹಳಸಿದ ಮಾಲನ್ನ ಅಧಿಕಾರಿಗಳ ಎದುರೇ ಸುಡ್ತಿದ್ರು. ನಷ್ಟ ಯಾರದು? ಬೆಳೆದವನದು. ಬೆಳೆಗೆ ಸಾಲ ಎತ್ತಿದ ರೈತನಿಗೆ ಕಣ ದಾಟಿದ ಮೇಲೆ ತನ್ನ ಮಾಲಿನ ಮೇಲೆ ತನಗೇ ಕೈ ಇರಲಿಲ್ಲ.

ಭಾಗ 7/10 | ಒಣಗೋವಾಗ ಒಳಗೆ ನಡೆಯೋದು

ಸೈನ್ಸ್ ಫ್ರೆಂಡ್ಸ್‌ಗೆ ಈ ಭಾಗ. ಹಳಸಿದ ಗಾಂಜಾ ಸುಡ್ತಿದ್ರು ಅಂದ್ನಲ್ಲ, "ಹಳಸೋದು" ಅಂದ್ರೆ ಏನು?

ಹೂವಿನ ಮೇಲೆ ಬರಿಗಣ್ಣಿಗೆ ಧೂಳಿನ ಥರ ಕಾಣೋ ಸಣ್ಣ ಗ್ರಂಥಿಗಳಿರ್ತವೆ. ಅಂಟು ತಯಾರಾಗೋದು ಅಲ್ಲಿ. ಹಸಿ ಗಿಡದಲ್ಲಿ ಅಮಲಿನ ವಸ್ತು ಪೂರ್ತಿ ರೂಪದಲ್ಲಿ ಇರಲ್ಲ, ಒಂದು ಆಮ್ಲದ ರೂಪದಲ್ಲಿರುತ್ತೆ. ಕಾಲ ಕಳೆದ ಹಾಗೆ ಸ್ವಲ್ಪ ಸ್ವಲ್ಪ, ಬೆಂಕಿ ತಾಗಿದಾಗ ಒಮ್ಮೆಲೇ, ಆ ಆಮ್ಲ ಬದಲಾಗಿ ಟಿಎಚ್‌ಸಿ ಆಗುತ್ತೆ. ಅದೇ ಟಿಎಚ್‌ಸಿ ಗಾಳಿ, ಬೆಳಕು ತಾಗಿ ಹಳತಾದ್ರೆ ಕ್ಯಾನಬಿನಾಲ್ ಅನ್ನೋ ಬಹಳ ದುರ್ಬಲ ವಸ್ತುವಾಗಿ ಇಳಿಯುತ್ತೆ. ಅಂದ್ರೆ ಈ ಮಾಲಿಗೆ ಒಂದು ಆಯಸ್ಸಿದೆ.

ನೌಗಾಂವ್ ರೈತರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಫಲಿತಾಂಶ ಗೊತ್ತಿತ್ತು. ಹೊಸ ಮಾಲಿಗೆ ಬೆಲೆ, ಹಳೇದಕ್ಕಿಲ್ಲ. ಗಾಳಿ ಆಡದ ಹಾಗೆ ತುಳಿದು ಗಟ್ಟಿ ಮಾಡೋದರಲ್ಲೂ ಅದೇ ಅನುಭವ ಕೆಲಸ ಮಾಡಿರಬೇಕು.

1893ರಲ್ಲಿ ಕಲ್ಕತ್ತಾದ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ ಗಾಂಜಾ ಬೆಳೆ ಮತ್ತು ಬಳಕೆ ಬಗ್ಗೆ ವರದಿ ಕೊಟ್ಟರು. ಇವರೇ ಮುಂದೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾದವರು. ಅದೇ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಅನ್ನೋ ಮೂವರು ರಸಾಯನಶಾಸ್ತ್ರಜ್ಞರು ಭಾರತದ ಚರಸ್ ಮೇಲೆ ಕೆಲಸ ಮಾಡಿ ಕ್ಯಾನಬಿನಾಲ್ ಬೇರ್ಪಡಿಸಿದರು. ಗಿಡದ ಗುಟ್ಟು ಸಿಕ್ಕೇಬಿಟ್ಟಿತು ಅನ್ನೋ ಹಾಗಿತ್ತು. ಅವರ ಕೈಗೆ ಸಿಕ್ಕಿದ್ದು ಹಳತಾದಾಗ ಉಳಿಯೋ ವಸ್ತು. ನಿಜವಾದ ಅಮಲಿನ ಅಣುವನ್ನ ಶುದ್ಧವಾಗಿ ಬೇರ್ಪಡಿಸಿ, ಅದರ ರಚನೆ ತೋರಿಸಿದ್ದು 1964ರಲ್ಲಿ, ಇಸ್ರೇಲಿನ ರಫೇಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೋನಿ.

ಕಣದಲ್ಲಿ ಗೊತ್ತಿದ್ದ "ಹೊಸದು, ಹಳೇದು" ಅನ್ನೋ ವ್ಯತ್ಯಾಸಕ್ಕೆ ಪ್ರಯೋಗಾಲಯ ಕಾರಣ ಕೊಡೋಕೆ ಇಷ್ಟು ವರ್ಷ ಹಿಡೀತು.

ಭಾಗ 8/10 | 1,193 ಸಾಕ್ಷಿಗಳು

ಈಗ ಹುಚ್ಚಾಸ್ಪತ್ರೆ ರೀಲ್‌ಗೆ ಬರೋಣ.

1893ರ ಮಾರ್ಚ್ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಡಬ್ಲ್ಯು. ಎಸ್. ಕೇನ್ ಅನ್ನೋ ಪಾನನಿಷೇಧವಾದಿ ಸದಸ್ಯ ಪ್ರಶ್ನೆ ಎತ್ತಿದರು: ಬಂಗಾಳದ ಗಾಂಜಾ ಬೆಳೆ, ಅದರ ಪರಿಣಾಮದ ಬಗ್ಗೆ ತನಿಖೆ ಮಾಡ್ತೀರಾ? ಭಾರತ ಸರ್ಕಾರ ಬಂಗಾಳಕ್ಕೆ ಸೀಮಿತ ಮಾಡದೆ ಇಡೀ ಬ್ರಿಟಿಷ್ ಇಂಡಿಯಾಗೆ ಆಯೋಗ ನೇಮಿಸಿತು. ಏಳು ಸದಸ್ಯರು, ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. ನಾಲ್ವರು ಬ್ರಿಟಿಷರು, ಮೂವರು ಭಾರತೀಯರು. 70 ಪ್ರಶ್ನೆಗಳ ಪಟ್ಟಿ ಮಾಡಿ, ಊರೂರು ಸುತ್ತಿ, 1,193 ಸಾಕ್ಷಿಗಳ ಹೇಳಿಕೆ ತಗೊಂಡ್ರು. ಬೆಳೆಯೋರು, ವೈದ್ಯರು, ಅಧಿಕಾರಿಗಳು, ಪಾದ್ರಿಗಳು, ವ್ಯಾಪಾರಿಗಳು. ಒಣಗಿಸೋ ವಿಧಾನಗಳಿಗೇ ವರದಿಯಲ್ಲಿ ಪ್ರತ್ಯೇಕ ವಿವರ ಇದೆ.

ಹುಚ್ಚಾಸ್ಪತ್ರೆ ಲೆಕ್ಕವನ್ನ ಅವರು ಹಾಗೇ ಒಪ್ಪಲಿಲ್ಲ. 1892ರಲ್ಲಿ ದಾಖಲಾದವರಲ್ಲಿ 222 ಜನರ ಕಾಯಿಲೆಗೆ ಈ ಅಮಲು ಕಾರಣ ಅಂತ ರಿಜಿಸ್ಟರ್ ಹೇಳ್ತಿತ್ತು. ಒಂದೊಂದು ಪ್ರಕರಣವನ್ನೂ ಮನೆ, ಊರುಗಳ ಮಟ್ಟದಲ್ಲಿ ಮತ್ತೆ ವಿಚಾರಿಸಿದಾಗ ಸ್ವಲ್ಪವಾದರೂ ಸಂಬಂಧ ಇದೆ ಅಂತ ಉಳಿದದ್ದು 98. ಯಾಕೆ ಹೀಗೆ? ರೋಗಿಯನ್ನ ಕರ್ಕೊಂಡು ಬರ್ತಿದ್ದೋರು ಪೊಲೀಸರು. ಫಾರಂನಲ್ಲಿ "ಕಾರಣ" ಅನ್ನೋ ಕಾಲಂ ಖಾಲಿ ಬಿಡೋ ಹಾಗಿರಲಿಲ್ಲ. ಗೊತ್ತಿಲ್ಲ ಅಂದ್ರೆ ಗಾಂಜಾ ಅಂತ ತುಂಬಿಬಿಡೋದು ಸುಲಭವಾಗಿತ್ತು. ವರ್ಷಗಟ್ಟಲೆ ಆ ಕಾಲಂ ಸೇರಿ ಅಂಕಿಅಂಶ ಆಯ್ತು, ಅಂಕಿಅಂಶವೇ ಸತ್ಯ ಆಯ್ತು.

ಹಾಗಂತ ಆಯೋಗ ಗಾಂಜಾಗೆ ಕ್ಲೀನ್ ಚಿಟ್ ಕೊಡಲಿಲ್ಲ. ಮಿತ ಬಳಕೆಯಿಂದ ಸಾಮಾನ್ಯವಾಗಿ ಗಂಭೀರ ಹಾನಿ ಕಾಣಲಿಲ್ಲ, ಅತಿ ಬಳಕೆಯಿಂದ ದೇಹ, ಮನಸ್ಸು ಎರಡಕ್ಕೂ ಹಾನಿ ಇದೆ ಅಂತ ಬರೆದರು. ಪೂರ್ಣ ನಿಷೇಧ ಬೇಡ, ಲೈಸೆನ್ಸ್, ತೆರಿಗೆ ಮೂಲಕ ಹಿಡಿತ ಇರಲಿ ಅನ್ನೋದು ಬಹುಮತ. ನಿಷೇಧಿಸಿದ್ರೆ ಜನ ಇನ್ನೂ ಕೆಟ್ಟ ಅಮಲಿಗೆ ಹೋಗಬಹುದು ಅನ್ನೋ ಆತಂಕ ಒಂದು ಕಾರಣ. ಬರ್ತಿದ್ದ ಆದಾಯವನ್ನೂ ಮರೆಯಬೇಡಿ.

ಭಾಗ 9/10 | ಭಿನ್ನಮತ, ಸಹಕಾರ, ಕೊನೆ

ಏಳು ಸದಸ್ಯರ ಆಯೋಗದಲ್ಲಿ ಇಬ್ಬರು ಬೇರೆ ಟಿಪ್ಪಣಿ ಬರೆದರು. ಇಬ್ಬರೂ ಭಾರತೀಯರು: ಮುಜಫ್ಫರ್‌ನಗರದ ಲಾಲಾ ನಿಹಾಲ್ ಚಂದ್, ತಾಹಿರ್‌ಪುರದ ರಾಜಾ ಶಶಿಶೇಖರೇಶ್ವರ ರಾಯ್. ಸಹೋದ್ಯೋಗಿಗಳಿಗಿಂತ ಹೆಚ್ಚು ಹಾನಿ ಇದೆ, ಹೆಚ್ಚು ಬಿಗಿ ಬೇಕು ಅನ್ನೋದು ಅವರ ನಿಲುವು. ತಾಹಿರ್‌ಪುರ ಎಲ್ಲಿದೆ ಗೊತ್ತಾ? ರಾಜಶಾಹಿ ಜಿಲ್ಲೆಯಲ್ಲಿ. ಗಾಂಜಾ ಮಹಲ್ ಇದ್ದ ಅದೇ ಜಿಲ್ಲೆ. "ಬ್ರಿಟಿಷರು ವಿರೋಧಿ, ಭಾರತೀಯರು ಪರ" ಅಂತ ಗೆರೆ ಎಳೆಯೋಕೆ ಹೋದ್ರೆ ಇತಿಹಾಸ ಹೀಗೆ ಕೈ ಕೊಡುತ್ತೆ.

ಊರಿಗೆ ಊರೇ ಸೇರಿ ಮಾಡೋ ಬೆಳೆ ಅಂತ ಭಾಗ 3ರಲ್ಲಿ ಹೇಳಿದ್ನಲ್ಲ. 1917ರಲ್ಲಿ ನೌಗಾಂವ್ ರೈತರು ಗಾಂಜಾ ಬೆಳೆಗಾರರ ಸಹಕಾರ ಸಂಘ ಕಟ್ಟಿದರು. ಸಗಟು ವ್ಯಾಪಾರಿ ಹೇಳಿದ ಬೆಲೆಗೆ ತಲೆ ಆಡಿಸೋ ಬದಲು ಸಂಘವೇ ಕೊಂಡು, ಇಟ್ಟು, ಮಾರೋಕೆ ಶುರು ಮಾಡಿತು. ಲಾಭದಲ್ಲಿ ಶಾಲೆ, ಔಷಧಾಲಯ ನಡೀತು. ಊರಲ್ಲಿ ಅದರ ಕಟ್ಟಡಗಳು ಇವತ್ತಿಗೂ ಇವೆ. ಆದ್ರೆ ಬೆಲೆ ಕೈಗೆ ಬರೋ ಹೊತ್ತಿಗೆ ಪ್ರಪಂಚ ಬೇರೆ ದಿಕ್ಕಿಗೆ ತಿರುಗಿತ್ತು.

1925ರ ಜಿನೀವಾ ಒಪ್ಪಂದ ಭಾರತೀಯ ಗಾಂಜಾವನ್ನ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ತಂತು. 1947ರಲ್ಲಿ ಗಡಿ ಬಿತ್ತು, ನೌಗಾಂವ್ ಪೂರ್ವ ಪಾಕಿಸ್ತಾನಕ್ಕೆ ಹೋಯ್ತು, ಹಳೇ ಮಾರುಕಟ್ಟೆಯ ದೊಡ್ಡ ಭಾಗ ಗಡಿಯಾಚೆ ಉಳೀತು. 1961ರ ವಿಶ್ವಸಂಸ್ಥೆಯ ಏಕ ಒಪ್ಪಂದ ವೈದ್ಯಕೀಯ, ವೈಜ್ಞಾನಿಕ ಉದ್ದೇಶ ಬಿಟ್ಟು ಉಳಿದ ಬಳಕೆ ನಿಲ್ಲಬೇಕು ಅಂದಿತು. ಅದಕ್ಕೆ 25 ವರ್ಷ ಗಡುವು. ಭಾರತ ಈ ಕಾಲಾವಕಾಶವನ್ನ ಕೇಳಿ ಇಟ್ಕೊಂಡಿತ್ತು. ಗಡುವು ಹತ್ತಿರ ಬರ್ತಿದ್ದ ಹಾಗೆ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಬಾಂಗ್ಲಾದೇಶ 1987ರಲ್ಲಿ ನೌಗಾಂವ್‌ನ ಬೆಳೆ ನಿಲ್ಲಿಸಿತು.

ಬ್ಯಾನ್ ಬಂದಿದ್ದು ಸ್ವತಂತ್ರ ದೇಶಗಳ ಕಾಲದಲ್ಲಿ.

ಭಾಗ 10/10 | ತಕ್ಕಡಿ ಇನ್ನೂ ಅಲ್ಲೇ ಇದೆ

1961ರ ಒಪ್ಪಂದದಲ್ಲಿರೋ ವ್ಯಾಖ್ಯೆ ಏನು ಗೊತ್ತಾ? ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯ ಜೊತೆ ಸೇರಿರದ ಬೀಜ, ಎಲೆ ಲೆಕ್ಕಕ್ಕಿಲ್ಲ. 1985ರ ನಮ್ಮ ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಇದೇ. ಹೂವಿನ ತಲೆ ಒಂದು ಕಡೆ, ಎಲೆ ಇನ್ನೊಂದು ಕಡೆ. ಚಾತರ್‌ನಲ್ಲಿ ಎರಡನೇ ದಿನ ಕೂಲಿ ಕೈಯಲ್ಲಿ ಆರಿಸ್ತಿದ್ದನಲ್ಲ, ಅದೇ ವಿಂಗಡಣೆ ಇವತ್ತು ಕಾನೂನಿನ ಭಾಷೆಯಲ್ಲಿ ಕೂತಿದೆ. ಉತ್ತರದ ಕೆಲವು ರಾಜ್ಯಗಳಲ್ಲಿ ಭಂಗ್ ಅಂಗಡಿಗೆ ಲೈಸೆನ್ಸ್ ಸಿಗೋದೂ ಎಲೆ ಹೊರಗೆ ಉಳಿದದ್ದರಿಂದಲೇ.

ಇದು ಬರೀ ಪದಗಳ ಆಟ ಅಲ್ಲ. ಗಾಂಜಾ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ: ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅದಕ್ಕಿಂತ ಮೇಲಾದ್ರೆ ಹತ್ತು ವರ್ಷದವರೆಗೆ. 20 ಕೆ.ಜಿ. ದಾಟಿದ್ರೆ ವಾಣಿಜ್ಯ ಪ್ರಮಾಣ: ಕನಿಷ್ಠ ಹತ್ತು ವರ್ಷ, ಇಪ್ಪತ್ತರವರೆಗೂ ಹೋಗಬಹುದು, ಜಾಮೀನೂ ಕಷ್ಟ. ಗಿಡ ಬೆಳೆಸೋದೇ ಪ್ರತ್ಯೇಕ ಅಪರಾಧ, ಹತ್ತು ವರ್ಷದವರೆಗೆ ಶಿಕ್ಷೆ. ಮನೆ ಹಿತ್ತಲಲ್ಲಿ ಕುಂಡದಲ್ಲಿ ಇಟ್ಟಿದ್ದೆ ಅಂದ್ರೂ ಬಿಡಲ್ಲ.

ಈಗ ಒಬ್ಬನ ಹೊಲದಿಂದ ಹಸಿ ಗಿಡಗಳನ್ನ ಬೇರು, ಕಾಂಡ, ಎಲೆ, ಮಣ್ಣು ಸಮೇತ ಕಿತ್ತು ತಕ್ಕಡಿಗೆ ಹಾಕಿದ್ರು ಅನ್ಕೊಳ್ಳಿ. 20 ಕೆ.ಜಿ. ದಾಟೋಕೆ ಎಷ್ಟು ಹೊತ್ತು? ಅದನ್ನೇ ಒಣಗಿಸಿ, ಹೂ ಮಾತ್ರ ಆರಿಸಿ ತೂಗಿದ್ರೆ ಎಷ್ಟು ಉಳೀತಿತ್ತು? ತೂಗಿದ್ದು ಏನನ್ನ ಅನ್ನೋ ಪ್ರಶ್ನೆ ಹೈಕೋರ್ಟ್‌ಗಳ ಜಾಮೀನು ಅರ್ಜಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಉತ್ತರದ ಮೇಲೆ ಒಬ್ಬನ ಹತ್ತು ವರ್ಷ ನಿಂತಿದೆ. ನೌಗಾಂವ್ ಗೋಲಾದಲ್ಲಿ ಅಧಿಕಾರಿಯನ್ನ ಕಾಡಿದ ಪ್ರಶ್ನೆ ಇದೇ ಅಲ್ವಾ? ಆಗ ತಪ್ಪು ತೂಕಕ್ಕೆ ಸುಂಕ ಹೋಗ್ತಿತ್ತು. ಈಗ ಹೋಗೋದು ಆಯುಸ್ಸು.

ಸರ್ಕಾರ ಒಣಗಿಸೋ ಜಾಗವನ್ನೇ ಹಿಡಿಯೋದು ಗಾಂಜಾಗೆ ಮಾತ್ರ ಅಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗಿ ನೋಡಿ. ಹೊಗೆಸೊಪ್ಪು ಹದ ಮಾಡೋ ಬ್ಯಾರನ್‌ಗೇ ತಂಬಾಕು ಮಂಡಳಿಯ ಲೈಸೆನ್ಸ್ ಬೇಕು. ಹೊಲ ಎಲ್ಲರ ಕಣ್ಣಿಗೂ ಕಾಣುತ್ತೆ, ದುಡ್ಡು ಹುಟ್ಟೋದು ಬ್ಯಾರನ್‌ನಲ್ಲಿ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತು.

ಕೊನೆಗೆ ಒಂದು ಮಾತು, ನೇರವಾಗಿ. ಹದಿಹರೆಯದಲ್ಲಿ ಪದೇ ಪದೇ ಬಳಸೋರಲ್ಲಿ ಮನೋರೋಗದ ಅಪಾಯ ಹೆಚ್ಚು ಅಂತ ಇವತ್ತಿನ ಅಧ್ಯಯನಗಳು ಹೇಳ್ತವೆ. 1894ರ ವರದಿ ಹಿಡ್ಕೊಂಡು "ಏನೂ ಆಗಲ್ಲ" ಅನ್ನೋದು ಓದಿನ ಸೋಮಾರಿತನ. ಹಾಗೇ "ಕಾರಣ" ಕಾಲಂ ನೋಡದೆ ಅಂಕಿ ನಂಬೋದೂ ಸೋಮಾರಿತನವೇ. ಆ ಆಯೋಗದ ತೀರ್ಪನ್ನ ಒಪ್ಪಿ, ಬಿಡಿ. ಅವರು ಮಾಡಿದ ಒಂದು ಕೆಲಸ ಮಾತ್ರ ಕಲಿಯೋ ಹಾಗಿದೆ: 222 ಅಂತ ಬರೆದಿದ್ದ ಕಡೆ, ಒಬ್ಬೊಬ್ಬರ ಮನೆಗೂ ಹೋಗಿ ಕೇಳಿಸಿದ್ದು.

ಮುಂದಿನ ಸರಣಿ ಯಾವುದರ ಮೇಲೆ ಬೇಕು? ಉಪ್ಪಿನ ಸುಂಕನಾ, ನೀಲಿ ಬೆಳೆನಾ? ಕಾಮೆಂಟ್‌ನಲ್ಲಿ ಹೇಳಿ. ಲಾ ಓದ್ತಿರೋ ಗೆಳೆಯರಿಗೆ ಭಾಗ 10 ಕಳಿಸಿ, ವಾದ ಮಾಡ್ಲಿ.

#ಕನ್ನಡದಲ್ಲಿಇತಿಹಾಸ #ಸರಕಿನಕಥೆ #ನೌಗಾಂವ್ #ಓದುಮತ್ತುಕೇಳು